ಫಸ್ಟ್ ಕಾಪಿಯ ದುಡ್ಡಿಗೆ ಅಸಲಿ ವಾಚು

ಮದುವೆ ಸೀಸನ್ ಬಂತೆಂದರೆ ವಾಚಿನ ಮಾತೂ ಬಂತು. ಉಂಗುರ, ಸೂಟು, ಬೂಟಿನ ಜೊತೆ ಅಳಿಯನ ಕೈಗೊಂದು ವಾಚು ಕಟ್ಟುವುದು ನಮ್ಮಲ್ಲಿ ಇವತ್ತಿಗೂ ಉಳಿದಿರುವ ರೂಢಿ. ಒಂದು ಕಾಲಕ್ಕೆ ಅದು ಎಚ್‌ಎಂಟಿ ಆಗಿತ್ತು, ಆಮೇಲೆ ಟೈಟನ್ ಆಯಿತು. ಈಗ ಎಷ್ಟೋ ಮನೆಗಳಲ್ಲಿ ಈ ಮಾತುಕತೆಯ ನಡುವೆ ಒಂದು ಫೋನು ಕೈಯಿಂದ ಕೈಗೆ ಹೋಗುತ್ತದೆ. ಪರದೆಯ ಮೇಲೆ ಹಸಿರು ಡಯಲ್ಲಿನ ರೋಲೆಕ್ಸ್, ಬೆಲೆ 2,499 ರೂಪಾಯಿ, ಪೆಟ್ಟಿಗೆ ಉಚಿತ, ಕ್ಯಾಶ್ ಆನ್ ಡೆಲಿವರಿ. ಕೆಳಗೆ ‘ಫಸ್ಟ್ ಕಾಪಿ, 7ಎ ಕ್ವಾಲಿಟಿ, ನೋಡಿದವರಿಗೆ ಗೊತ್ತೇ ಆಗಲ್ಲ’ ಎಂಬ ಭರವಸೆ.

‘ಅಸಲಿಗೆ ಹತ್ತು ಲಕ್ಷ, ಇದಕ್ಕೆ ಎರಡೂವರೆ ಸಾವಿರ. ಟೈಮ್ ಎರಡೂ ಒಂದೇ ತೋರಿಸುತ್ತವಲ್ಲ?’ ಎಂದು ಯಾರಾದರೂ ಕೇಳಿದರೆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೋಲಿಕೆ ಮಾತ್ರ ಸರಿಯಿಲ್ಲ. ಹತ್ತು ಲಕ್ಷದ ವಾಚು ಕೊಳ್ಳುವವರು ಬೇರೆ, ಎರಡೂವರೆ ಸಾವಿರ ಕೊಡುವವರು ಬೇರೆ. ಎರಡೂವರೆ ಸಾವಿರ ಕೈಯಲ್ಲಿ ಹಿಡಿದವರು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದೇ ದುಡ್ಡಿಗೆ ತನ್ನದೇ ಹೆಸರು ಹೊತ್ತು ಬರುವ ವಾಚು ಯಾವುದಿದೆ, ಅದರ ಪಕ್ಕದಲ್ಲಿಟ್ಟರೆ ಈ ನಕಲಿ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಎರಡೂ ತುದಿಯ ವಾಚುಗಳ ಒಳಗೆ ಇಣುಕಬೇಕು.

ಹತ್ತು ಲಕ್ಷ ಎಲ್ಲಿ ಹೋಗುತ್ತದೆ?

ಮೊದಲು ಟೈಮಿನ ಲೆಕ್ಕ ಮುಗಿಸಿಬಿಡೋಣ. ಸೆಲ್ ಹಾಕುವ ವಾಚಿನೊಳಗೆ ಪುಟ್ಟ ಕ್ವಾರ್ಟ್ಜ್ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಎಣಿಕೆಯ ಮೇಲೆ ಮುಳ್ಳು ಓಡುವುದರಿಂದ ಸಾಧಾರಣ ವಾಚೂ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗುವುದಿಲ್ಲ. ರೋಲೆಕ್ಸ್ ತನ್ನ ವಾಚಿಗೆ ಕೊಡುವ ಮಾತು ದಿನಕ್ಕೆ ಎರಡು ಸೆಕೆಂಡಿನೊಳಗೆ. ಅಂದರೆ ತಿಂಗಳಿಗೆ ಒಂದು ನಿಮಿಷದವರೆಗೂ ವ್ಯತ್ಯಾಸ ಬರಬಹುದು. ಬರೀ ಸಮಯ ನೋಡುವುದಕ್ಕಾದರೆ ಯಾರೂ ಹತ್ತು ಲಕ್ಷ ಸುರಿಯಬೇಕಾಗಿಲ್ಲ, ಸಾವಿರ ರೂಪಾಯಿಯ ಕ್ಯಾಸಿಯೊ ಸಾಕು.

ಹಾಗಾದರೆ ಆ ದುಡ್ಡು ಏತಕ್ಕೆ? ಸೆಲ್ಲಿಲ್ಲದೆ, ಸುತ್ತಿಟ್ಟ ಸ್ಪ್ರಿಂಗಿನ ಬಲದಲ್ಲೇ ಓಡುವ ಮಷೀನಿಗೆ. ಈಗಿನ ರೋಲೆಕ್ಸ್ ಸಬ್‌ಮರೀನರ್ ಡೇಟ್‌ನೊಳಗಿರುವ 3235 ಎಂಬ ಮಷೀನಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 28,800 ಬಡಿತ ಬಡಿಯುತ್ತದೆ. ಸೆಕೆಂಡಿಗೆ ಎಂಟು, ದಿನಕ್ಕೆ ಸುಮಾರು ಏಳು ಲಕ್ಷ. ಹೀಗೆ ವರ್ಷಗಟ್ಟಲೆ, ಕೈ ಮೇಲಿದ್ದಾಗಲೂ ಮೇಜಿನ ಮೇಲಿದ್ದಾಗಲೂ, ಚಳಿಯಲ್ಲೂ ಸೆಕೆಯಲ್ಲೂ ಒಂದೇ ಲಯ ಕಾಯ್ದುಕೊಳ್ಳಬೇಕು. ಕೈಯಿಂದ ಬಿಚ್ಚಿಟ್ಟರೂ 70 ಗಂಟೆ ಓಡುತ್ತಿರಬೇಕು. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಎಂಬ ಸಂಸ್ಥೆ ಇಂಥ ಮಷೀನುಗಳನ್ನು 15 ದಿನ, ಐದು ಭಂಗಿಗಳಲ್ಲಿ, ಮೂರು ಬೇರೆ ಬೇರೆ ತಾಪಮಾನದಲ್ಲಿ ಇಟ್ಟು ಪರೀಕ್ಷಿಸುತ್ತದೆ. ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಾರದು, ಆರಕ್ಕಿಂತ ಹೆಚ್ಚು ಮುಂದೆ ಓಡಬಾರದು. ರೋಲೆಕ್ಸ್ ಇದನ್ನು ದಾಟಿಸಿದ ಮೇಲೆ ಮಷೀನನ್ನು ಕೇಸಿಗೆ ಕೂರಿಸಿ ತಾನೇ ಇನ್ನೊಮ್ಮೆ, ಇನ್ನೂ ಬಿಗಿಯಾಗಿ ಪರೀಕ್ಷೆ ಮಾಡುತ್ತದೆ. ಒಮೆಗಾ ತನ್ನ ಮಾಸ್ಟರ್ ಕ್ರೋನೋಮೀಟರ್ ವಾಚುಗಳನ್ನು 15,000 ಗಾಸ್ ಬಲದ ಅಯಸ್ಕಾಂತ ಕ್ಷೇತ್ರಕ್ಕೂ ಒಡ್ಡುತ್ತದೆ.

ಹೊರಮೈಗೂ ಅಷ್ಟೇ ಆರೈಕೆ. ಒಳ್ಳೆಯ ವಾಚುಗಳಲ್ಲಿ ಸಾಮಾನ್ಯವಾಗಿ 316ಎಲ್ ದರ್ಜೆಯ ಸ್ಟೀಲು ಇರುತ್ತದೆ. ರೋಲೆಕ್ಸ್ 1985ರಿಂದ ಶುರುಮಾಡಿ ನಿಧಾನಕ್ಕೆ ಎಲ್ಲ ಸ್ಟೀಲ್ ಮಾಡೆಲ್ಲುಗಳನ್ನೂ 904ಎಲ್‌ಗೆ ಬದಲಾಯಿಸಿತು. ಉಪ್ಪುನೀರು, ಬೆವರನ್ನು ತಡೆಯುವುದರಲ್ಲಿ ಅದು ಒಂದು ಕೈ ಮೇಲು, ಕಡೆಯುವುದೂ ಅಷ್ಟೇ ಕಷ್ಟ. ನೀರು ಹೋಗದ ಕೇಸಿನ ಕಥೆಯಂತೂ ನೂರು ವರ್ಷದ್ದು. 1926ರಲ್ಲಿ ಬಂದ ರೋಲೆಕ್ಸಿನ ಆಯ್ಸ್ಟರ್ ಕೇಸಿನ ವಾಚನ್ನು ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗಿಳಿದರು. ಹತ್ತು ಗಂಟೆಗೂ ಹೆಚ್ಚು ಹೊತ್ತು ಕೊರೆಯುವ ನೀರಿನಲ್ಲಿದ್ದ ಆಕೆಗೆ ದಡ ಮುಟ್ಟಲಾಗಲಿಲ್ಲ, ವಾಚು ಓಡುತ್ತಲೇ ಇತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಆ ಹತ್ತು ಲಕ್ಷದಲ್ಲಿ ಬಹಳಷ್ಟು ಪಾಲು ಹೆಸರಿನದು. ಜಾಹೀರಾತು, ಅಮೃತಶಿಲೆ ಹಾಸಿದ ಮಳಿಗೆ, ಬೇಕೆಂದವರಿಗೆಲ್ಲ ಸಿಗದಂತೆ ನೋಡಿಕೊಳ್ಳುವ ಜಾಣತನ, ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ದೇಶಕ್ಕೆ ಬರುವಾಗ ಆಮದು ಸುಂಕವೂ ಕೂಡುತ್ತದೆ. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಮೇಲಿನ ಸುಂಕ ವರ್ಷದಿಂದ ವರ್ಷಕ್ಕೆ ಇಳಿಯಲಿದೆ. ಕೆಲಸಗಾರಿಕೆಗೆ ಬೆಲೆ ಕಟ್ಟಬಲ್ಲವರಿಗೆ, ಅಷ್ಟು ದುಡ್ಡು ಹೊರೆಯಾಗದವರಿಗೆ ಈ ವಾಚು ತಕ್ಕದ್ದು. ಉಳಿದವರು ಅದಿಲ್ಲದೆಯೂ ಒಳ್ಳೆಯ ವಾಚು ಕಟ್ಟಬಹುದು.

ನಕಲಿಯ ಮುಚ್ಚಳ ತೆಗೆದಾಗ

ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಓಣಿಯಲ್ಲಿ, ಎರಡು ಪುಸ್ತಕದಂಗಡಿಗಳ ನಡುವೆ ಒಬ್ಬರೇ ಕೂರುವಷ್ಟು ಜಾಗದಲ್ಲಿ ಕೆಲಸ ಮಾಡುವ ವಾಚ್ ರಿಪೇರಿಯವರೊಬ್ಬರ ಮುಂದೆ ನಿಂತು ನಕಲಿ ರೋಲೆಕ್ಸ್ ಡೇಟೋನಾ ಒಂದನ್ನು ಬಿಚ್ಚುವುದನ್ನು ನೋಡಿದ್ದೇನೆ. ನಿಂತುಹೋಗಿದೆ ಎಂದು ಕಾಲೇಜು ಹುಡುಗನೊಬ್ಬ ತಂದಿದ್ದ. ಹೊರಗಿನಿಂದ ಚೆಂದವಾಗಿಯೇ ಇತ್ತು: ಚಿನ್ನದ ಬಣ್ಣ, ಡಯಲ್ಲಿನ ಮೇಲೆ ಮೂರು ಪುಟ್ಟ ಡಯಲ್ಲು, ಬದಿಯಲ್ಲಿ ಎರಡು ಗುಂಡಿ. ಅವರು ಚಾಕುವಿನ ತುದಿ ಸಿಕ್ಕಿಸಿ ಹಿಂಬದಿಯ ಮುಚ್ಚಳ ಎಬ್ಬಿಸಿದರು. ಒಳಗೆ ಬಿಳಿ ಪ್ಲಾಸ್ಟಿಕ್ಕಿನ ದಪ್ಪ ಉಂಗುರ, ಅದರ ನಡುವೆ ಹೆಬ್ಬೆರಳ ಉಗುರಿನಷ್ಟು ಮಷೀನು. ಇಡೀ ಕೇಸಿನ ಅರ್ಧಕ್ಕರ್ಧ ಖಾಲಿ. ನೀರು ತಡೆಯುವ ರಬ್ಬರ್ ರಿಂಗು ಹೆಸರಿಗೊಂದು ಇತ್ತು, ಅದೂ ತನ್ನ ಗೀರಿನಲ್ಲಿ ಕೂತಿರಲಿಲ್ಲ. ಮೂರು ಪುಟ್ಟ ಡಯಲ್ಲುಗಳ ಮುಳ್ಳುಗಳಿಗೂ ಮಷೀನಿಗೂ ಸಂಬಂಧವೇ ಇಲ್ಲ, ಬರೀ ಅಂಟಿಸಿದ್ದು. ಬದಿಯ ಗುಂಡಿಗಳನ್ನು ಒತ್ತಿದರೆ ಒಳಗೆ ಹೋಗುತ್ತವೆ, ಏನನ್ನೂ ಮುಟ್ಟುವುದಿಲ್ಲ.

ಸೆಲ್ ಹಾಕಿದರೂ ಓಡಲಿಲ್ಲ. ‘ಮಷೀನೇ ಬದಲಾಯಿಸಬೇಕಪ್ಪ, ಬೇರೆ ದಾರಿ ಇಲ್ಲ’ ಎಂದರು. ಸ್ಟೀಲು ಎಂದು ಹೇಳಿ ಮಾರಿದ್ದ ಚೈನಿನ ಒಳಬದಿಯಲ್ಲಿ ಬಣ್ಣ ಸವೆದು ಕಂದು ಲೋಹ ಇಣುಕುತ್ತಿತ್ತು. ಹುಡುಗನ ಮಣಿಕಟ್ಟಿನ ಸುತ್ತ ಕೆಂಪಗೆ ತುರಿಕೆಯ ಗುರುತು.

ಆ ತುರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಗ್ಗದ ಮಿಶ್ರಲೋಹ ಮತ್ತು ಲೇಪನಗಳಲ್ಲಿ ನಿಕಲ್ ಇರುವುದು ಸಾಮಾನ್ಯ. ಬೆವರು ತಾಗಿದಾಗ ಅದು ಬಿಟ್ಟುಕೊಂಡು ಚರ್ಮಕ್ಕೆ ಇಳಿಯುತ್ತದೆ. ಒಮ್ಮೆ ನಿಕಲ್ ಅಲರ್ಜಿ ಶುರುವಾದರೆ ಬಹುಮಟ್ಟಿಗೆ ಜೀವನಪೂರ್ತಿ ಜೊತೆಗೇ ಉಳಿಯುತ್ತದೆ. ಆಮೇಲೆ ಕಿವಿಯೋಲೆ, ಬೆಲ್ಟಿನ ಬಕ್ಕಲ್ಲು, ಜೀನ್ಸಿನ ಗುಂಡಿ ಯಾವುದು ತಾಗಿದರೂ ತುರಿಕೆ. ನಕಲಿ ಡಯಲ್ಲಿನ ಮೇಲಿನ ‘300 ಮೀಟರ್’ ಎಂಬ ಬರಹಕ್ಕೆ ಯಾವ ಬೆಲೆಯೂ ಇಲ್ಲ. ಅದನ್ನು ನಂಬಿ ಕೈತೊಳೆಯುವ ನಲ್ಲಿಗೂ ಒಡ್ಡಬೇಡಿ. ‘ಸ್ವಿಸ್ ಮೇಡ್’ ಎಂಬ ಎರಡು ಪದಕ್ಕೂ ಅದೇ ಗತಿ. ಅಸಲಿ ವಾಚಿನ ಮೇಲೆ ಅದನ್ನು ಬರೆಯಬೇಕಾದರೆ ಮಷೀನು ಸ್ವಿಸ್ ಆಗಿದ್ದು, ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ ಶೇ. 60 ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕೆಂಬ ನಿಯಮ 2017ರಿಂದ ಇದೆ. ನಕಲಿಯವರಿಗೆ ಅದು ಅಚ್ಚು ಹಾಕುವ ಶಾಯಿಯ ಖರ್ಚು ಮಾತ್ರ.

‘ಫಸ್ಟ್ ಕಾಪಿ’ ಅಂದರೆ ಅಸಲಿ ಕಾರ್ಖಾನೆಯಿಂದಲೇ ಕದ್ದು ಬಂದ ಮೊದಲ ಪ್ರತಿ ಎಂಬ ನಂಬಿಕೆ ಹಲವರಲ್ಲಿದೆ. 7ಎ, ಮಾಸ್ಟರ್ ಕಾಪಿ, ಟ್ರಿಪಲ್ ಎ, ಇವು ಯಾವುವನ್ನೂ ಯಾವ ಸಂಸ್ಥೆಯೂ ಅಳೆದು ಕೊಡುವುದಿಲ್ಲ. ಮಾರುವವರು ತಾವೇ ಇಟ್ಟುಕೊಂಡ ಹೆಸರುಗಳು. ಒಂದೇ ಗೋಣಿಯಿಂದ ತೆಗೆದ ವಾಚು ಒಬ್ಬರಲ್ಲಿ ಫಸ್ಟ್ ಕಾಪಿ, ಪಕ್ಕದವರಲ್ಲಿ 7ಎ.

ನಿಜವಾಗಿ ನೋಡಿದರೆ ನಕಲಿಯಲ್ಲಿ ಮೂರು ಮೆಟ್ಟಿಲು. ಮೇಲೆ ಹೇಳಿದ್ದು ಮೊದಲನೆಯದು. ಎರಡನೆಯದರಲ್ಲಿ ಕೈಯಾಡಿಸಿದರೆ ತಾನೇ ಕೀ ತಿರುಗುವ ಆಟೊಮ್ಯಾಟಿಕ್ ಮಷೀನು ಇರುತ್ತದೆ. ಐದಾರು ಸಾವಿರದಿಂದ ಮೇಲಕ್ಕೆ ಹೇಳುತ್ತಾರೆ. ಮೂರನೆಯದು ‘ಸೂಪರ್ ಕ್ಲೋನ್’. ಸ್ಟೀಲು, ಗಾಜು, ಮಷೀನಿನ ವಿನ್ಯಾಸ ಎಲ್ಲವನ್ನೂ ಅಸಲಿಯ ಅಳತೆಗೇ ಮಾಡಿದ್ದು, ಬೆಲೆ ಮೂವತ್ತು ನಲವತ್ತು ಸಾವಿರದಿಂದ ಲಕ್ಷದ ತನಕ. ಹೆಚ್ಚು ದುಡ್ಡಿಗೆ ಹೆಚ್ಚು ಒಳ್ಳೆಯದು ಸಿಗುತ್ತದೆ ಎಂದು ಇಲ್ಲಿ ಲೆಕ್ಕ ಹಾಕಬಾರದು. ಎರಡು ಸಾವಿರ ಹೋದರೆ ಎರಡು ಸಾವಿರವೇ ಹೋಗುತ್ತದೆ. ಎಪ್ಪತ್ತು ಸಾವಿರದ ಸೂಪರ್ ಕ್ಲೋನ್ ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರಿನವರು ಮುಟ್ಟುವುದಿಲ್ಲ, ಬಿಡಿಭಾಗ ಹೊರಗೆಲ್ಲೂ ಸಿಗುವುದಿಲ್ಲ, ಬಿಲ್ಲಿಲ್ಲದ್ದರಿಂದ ಯಾರ ಮೇಲೂ ದೂರುವ ಹಾಗಿಲ್ಲ. ಮೂರರಲ್ಲಿ ಅತಿ ಕೆಟ್ಟ ವ್ಯಾಪಾರ ಇದೇ.

ಗುರುತು ಹಿಡಿಯುವುದು

ನಕಲಿಯ ಕಾಟ ಇವತ್ತಿನದಲ್ಲ. ಪ್ಯಾರಿಸಿನಲ್ಲಿ ಕೆಲಸ ಮಾಡುತ್ತಿದ್ದ ಅಬ್ರಹಾಂ ಲೂಯಿ ಬ್ರೆಗೆ ಎಂಬ ಮಹಾನ್ ಗಡಿಯಾರಗಾರರ ಹೆಸರಿನಲ್ಲಿ ಎಷ್ಟು ನಕಲಿ ಬರತೊಡಗಿದವೆಂದರೆ, 1795ರ ಸುಮಾರಿಗೆ ಅವರು ಡಯಲ್ಲಿನ ಮೇಲೆ ಗುಟ್ಟಿನ ಸಹಿ ಕೊರೆಯಲು ಶುರುಮಾಡಿದರು. ನೇರವಾಗಿ ನೋಡಿದರೆ ಕಾಣದು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಇವತ್ತಿನ ರೋಲೆಕ್ಸಿನ ಗಾಜಿನೊಳಗೆ ಆರು ಗಂಟೆಯ ಜಾಗದಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಿರೀಟ ಕೊರೆದಿರುವುದು ಅದೇ ಉಪಾಯದ ಮುಂದುವರಿಕೆ. ಕಳ್ಳರೂ ಅದನ್ನು ಕಲಿತಿದ್ದಾರೆ. ಅಸಲಿಯಲ್ಲಿ ಅದು ಹುಡುಕಿದರೆ ಸಿಗುತ್ತದೆ, ಅಗ್ಗದ ನಕಲಿಯಲ್ಲಿ ಹುಡುಕದೆಯೇ ಕಣ್ಣಿಗೆ ಬೀಳುತ್ತದೆ.

ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಸೆಕೆಂಡಿನ ಮುಳ್ಳಿನದು: ಟಿಕ್ ಟಿಕ್ ಎಂದು ಹಾರಿದರೆ ನಕಲಿ, ಜಾರಿದಂತೆ ಓಡಿದರೆ ಅಸಲಿ. ಈಗಿನ ರೋಲೆಕ್ಸ್ ಹೆಸರಿನ ವಾಚು ಸೆಕೆಂಡಿಗೊಮ್ಮೆ ಹಾರಿದರೆ ನಕಲಿಯೇ, ಸರಿ. ಆ ಕಂಪನಿ ತನ್ನ ಕ್ವಾರ್ಟ್ಜ್ ಮಾಡೆಲನ್ನು ಎರಡು ದಶಕಗಳ ಹಿಂದೆಯೇ ನಿಲ್ಲಿಸಿದೆ. ಆದರೆ ಈ ನಿಯಮವನ್ನು ಎಲ್ಲ ಕಂಪನಿಗಳಿಗೂ ಹಚ್ಚಬೇಡಿ. ಕಾರ್ಟಿಯೇ ಕಂಪನಿಯ ಟ್ಯಾಂಕ್ ವಾಚುಗಳಲ್ಲಿ ಎಷ್ಟೋ ಕ್ವಾರ್ಟ್ಜ್ ಇವೆ, ಗ್ರ್ಯಾಂಡ್ ಸೈಕೊ ಕೂಡ ಅಸಾಧಾರಣ ಕ್ವಾರ್ಟ್ಜ್ ಮಾಡುತ್ತದೆ. ಹಾಗೆಯೇ ‘ಗಾಜು ಪ್ಲಾಸ್ಟಿಕ್ಕಿನದಾದರೆ ನಕಲಿ’ ಎಂಬ ಮಾತು. ಚಂದ್ರನ ಮೇಲೆ ಹೋಗಿಬಂದ ಒಮೆಗಾ ಸ್ಪೀಡ್‌ಮಾಸ್ಟರ್‌ನ ಒಂದು ಅಸಲಿ ರೂಪದಲ್ಲಿ ಇವತ್ತಿಗೂ ಇರುವುದು ಹೆಸಲೈಟ್ ಎಂಬ ಪ್ಲಾಸ್ಟಿಕ್ ಗಾಜೇ, ನಡುಮಧ್ಯದಲ್ಲಿ ಸಾಸಿವೆಗಿಂತ ಸಣ್ಣ ಒಮೆಗಾ ಗುರುತಿನೊಂದಿಗೆ. ತೂಕದ ಪರೀಕ್ಷೆಯನ್ನೂ ನೆಚ್ಚಿಕೊಳ್ಳಬೇಡಿ, ತೂಕ ತುಂಬುವುದು ನಕಲಿಯವರಿಗೆ ಬಲು ಸುಲಭ.

ಹೆಚ್ಚು ಕೆಲಸಕ್ಕೆ ಬರುವುದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐ ಗ್ಲಾಸು. ಹತ್ತು ಪಟ್ಟು ದೊಡ್ಡದು ಮಾಡುವುದು ಅಂಗಡಿಗಳಲ್ಲಿ ಅಗ್ಗಕ್ಕೇ ಸಿಗುತ್ತದೆ. ಅದರಲ್ಲಿ ಡಯಲ್ಲಿನ ಅಕ್ಷರ ನೋಡಿ. ಅಸಲಿಯಲ್ಲಿ ಪ್ರತಿ ಅಕ್ಷರದ ಅಂಚು ಕತ್ತರಿಸಿಟ್ಟ ಹಾಗೆ ಚೂಪಾಗಿರುತ್ತದೆ, ಶಾಯಿ ತುಸು ಉಬ್ಬಿ ನಿಂತಿರುತ್ತದೆ. ನಕಲಿಯಲ್ಲಿ ಅಂಚು ಕಲಸಿರುತ್ತದೆ, ಅಕ್ಷರಗಳ ನಡುವಿನ ಜಾಗ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಮುಳ್ಳಿನ ಅಂಚಿನಲ್ಲಿ ಅರದ ಗೀರು, ಗಂಟೆಯ ಗುರುತುಗಳ ಬುಡದಲ್ಲಿ ಅಂಟು, ಗಾಜಿನೊಳಗೆ ಧೂಳಿನ ಕಣ. ಇಂಥದ್ದು ಒಂದು ಕಂಡರೂ ಅನುಮಾನಕ್ಕೆ ಸಾಕು. ತಾರೀಖಿನ ಮೇಲೆ ಗುಳ್ಳೆಯಂತೆ ಎದ್ದಿರುವ ಭೂತಗನ್ನಡಿ ರೋಲೆಕ್ಸ್ ಅಸಲಿಯಲ್ಲಿ ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಅಂಕಿ ಕಿಟಕಿಯನ್ನು ಬಹುಮಟ್ಟಿಗೆ ತುಂಬುತ್ತದೆ. ಅಗ್ಗದ ನಕಲಿಯಲ್ಲಿ ಅಂಕಿ ಸಣ್ಣಗೆ ಕಿಟಕಿಯ ಮೂಲೆಯಲ್ಲಿರುತ್ತದೆ. ಹಿಂಬದಿ ತಿರುಗಿಸಿ. ‘ಮಷೀನು ಓಡುವುದು ಕಾಣುತ್ತೆ ಸರ್’ ಎಂದು ಗಾಜಿನ ಹಿಂಬದಿಯ ಸಬ್‌ಮರೀನರ್ ತೋರಿಸಿದರೆ ಅಲ್ಲಿಗೆ ಮಾತು ಮುಗಿಯಿತು. ರೋಲೆಕ್ಸ್ ಸಬ್‌ಮರೀನರ್‌ಗೆ ಎಂದೂ ಗಾಜಿನ ಹಿಂಬದಿ ಕೊಟ್ಟಿಲ್ಲ, ಅದಿರುವುದು ಬೇರೆ ಬೆರಳೆಣಿಕೆಯ ಮಾಡೆಲ್ಲುಗಳಲ್ಲಿ.

ಕತ್ತಲೆಯಲ್ಲಿ ಹೊಳೆಯುವ ಬಣ್ಣವನ್ನೂ ನೋಡಬಹುದು. ಟಾರ್ಚಿನ ಬೆಳಕು ಹಿಡಿದು ಕತ್ತಲೆ ಕೋಣೆಗೆ ಒಯ್ದರೆ ಅಸಲಿ ಸಮನಾಗಿ, ಗಂಟೆಗಟ್ಟಲೆ ಹೊಳೆಯುತ್ತದೆ. ನಕಲಿಯಲ್ಲಿ ಒಂದೊಂದು ಗುರುತು ಒಂದೊಂದು ಥರ, ಕೆಲವೇ ನಿಮಿಷದಲ್ಲಿ ಮಂಕು.

ಇವೆಲ್ಲ ಮೊದಲ ಎರಡು ಮೆಟ್ಟಿಲಿನ ನಕಲಿಯನ್ನು ಹಿಡಿಯುತ್ತವೆ. ಸೂಪರ್ ಕ್ಲೋನನ್ನು ಹೊರಗಿನಿಂದ ನೋಡಿ ಹೇಳಲು ಅನುಭವಿಗಳೂ ತಡವರಿಸುತ್ತಾರೆ. ಅಲ್ಲಿ ಹಿಂಬದಿ ಬಿಚ್ಚಲೇಬೇಕು. ಮಷೀನಿನ ಮೇಲಿನ ಕೊರೆತ, ಅಂಚುಗಳ ಪಾಲಿಶು, ತಿರುಪುಗಳ ತಲೆ, ಇವನ್ನು ಬಲ್ಲವರು ಒಂದು ನೋಟಕ್ಕೇ ಹೇಳುತ್ತಾರೆ. ಟೈಮ್‌ಗ್ರಾಫರ್ ಎಂಬ ಯಂತ್ರದ ಮೇಲಿಟ್ಟರೆ ಬಡಿತದ ಶಬ್ದ ಕೇಳಿಸಿಕೊಂಡು ಗಂಟೆಗೆ ಎಷ್ಟು ಬಡಿತ, ದಿನಕ್ಕೆ ಎಷ್ಟು ಸೆಕೆಂಡಿನ ವ್ಯತ್ಯಾಸ ಎಂದು ಅದು ಬರೆದು ತೋರಿಸುತ್ತದೆ. 28,800 ಬರಬೇಕಾದಲ್ಲಿ 21,600 ಬಂದರೆ ಒಳಗಿರುವುದು ಬೇರೆಯೇ ಮಷೀನು.

ಅಂದಹಾಗೆ, ನಕಲಿ ಆಗುವುದು ಲಕ್ಷದ ವಾಚು ಮಾತ್ರವಲ್ಲ. 1989ರಲ್ಲಿ ಬಂದು ಇವತ್ತಿಗೂ ಮಾರಾಟವಾಗುವ ಕ್ಯಾಸಿಯೊ ಎಫ್-91ಡಬ್ಲ್ಯು ಎಂಬ ಡಿಜಿಟಲ್ ವಾಚಿಗೂ ರಾಶಿ ನಕಲಿಗಳಿವೆ. ಅದರ ಬಲಬದಿಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಪರದೆಯ ಮೇಲೆ ಕ್ಯಾಸಿಯೊ ಎಂಬ ಹೆಸರು ಮೂಡಬೇಕು. ಮೂಡದಿದ್ದರೆ ಖಂಡಿತ ನಕಲಿ. ಮೂಡಿದರೂ ಪೂರ್ತಿ ನೆಮ್ಮದಿ ಬೇಡ, ಕೆಲವು ನಕಲಿಗಳು ಈ ಪಾಠವನ್ನೂ ಕಲಿತಿವೆ.

ಅದೇ ದುಡ್ಡಿಗೆ

ಈಗ ಆ ಎರಡೂವರೆ ಸಾವಿರಕ್ಕೆ ಬರೋಣ. ಸಾವಿರದಿಂದ ಸಾವಿರದೈನೂರಕ್ಕೆ ಕ್ಯಾಸಿಯೊ ಡಿಜಿಟಲ್ ಬರುತ್ತದೆ, ಒಂದು ಸೆಲ್ಲಿಗೆ ಏಳು ವರ್ಷದ ಲೆಕ್ಕ. ಎರಡು ಮೂರು ಸಾವಿರದೊಳಗೆ ಟೈಟನ್, ಸೊನಾಟಾ, ಟೈಮೆಕ್ಸ್, ಮುಳ್ಳಿನ ಕ್ಯಾಸಿಯೊ ಬೇಕಾದಷ್ಟಿವೆ. ಇವುಗಳ ಜೊತೆ ಬಿಲ್ಲು ಬರುತ್ತದೆ, ಗ್ಯಾರಂಟಿ ಬರುತ್ತದೆ. ‘ನೀರು ತಾಗಬಹುದು’ ಎಂದು ಬರೆದಿದ್ದರೆ ತಾಗಬಹುದು. ಕೆಟ್ಟರೆ ಶಿವಮೊಗ್ಗದಲ್ಲೋ ವಿಜಯಪುರದಲ್ಲೋ ಸರಿಮಾಡುವವರಿದ್ದಾರೆ. ನಕಲಿಗೆ ಇದರಲ್ಲಿ ಒಂದೂ ಇಲ್ಲ.

ಸ್ವಲ್ಪ ಕೂಡಿಟ್ಟು ಹತ್ತು ಹದಿನೈದು ಸಾವಿರ ಮಾಡಿಕೊಂಡವರು ರೋಲೆಕ್ಸಿನ ಒಳಗಿರುವಂಥ, ಸೆಲ್ಲಿಲ್ಲದೆ ಓಡುವ ಮಷೀನಿನ ಸುಖವನ್ನೇ ಪಡೆಯಬಹುದು. ಓರಿಯಂಟ್, ಸಿಟಿಜನ್, ಟೈಟನ್ ಕಂಪನಿಗಳ ಆಟೊಮ್ಯಾಟಿಕ್ ವಾಚುಗಳು ಆ ಸುತ್ತಿನಲ್ಲಿವೆ, ಇನ್ನು ಸ್ವಲ್ಪ ಮೇಲೆ ಹೋದರೆ ಸೈಕೊ 5. ಜಪಾನಿನ ಈ ಮಷೀನುಗಳನ್ನು ಊರೂರಿನ ರಿಪೇರಿಯವರು ಬಲ್ಲರು. ಕ್ವಾರ್ಟ್ಜಿನಲ್ಲೇ ಒಂದು ದೊಡ್ಡ ಕೆಲಸ ನೋಡಬೇಕೆಂದರೆ ನಮ್ಮ ಪಕ್ಕದ ಹೊಸೂರಿನಲ್ಲಿದೆ. 2002ರಲ್ಲಿ ಟೈಟನ್ ಹೊರತಂದ ಎಡ್ಜ್ ವಾಚಿನ ದಪ್ಪ 3.5 ಮಿಲಿಮೀಟರ್, ಒಳಗಿನ ಮಷೀನಿನದು 1.15 ಮಿಲಿಮೀಟರ್. ಇಂಥದ್ದನ್ನು ನಮ್ಮವರೇ ಮಾಡಿರುವಾಗ ಕಿರೀಟದ ಚಿತ್ರ ಅಂಟಿಸಿದ ಡಬ್ಬಿಯನ್ನು ಅಳಿಯನ ಕೈಗೆ ಯಾಕೆ ಕಟ್ಟಬೇಕು?

‘ನನಗೆ ಆ ವಿನ್ಯಾಸವೇ ಇಷ್ಟ’ ಎನ್ನುವವರಿಗೂ ದಾರಿಯಿದೆ. ಪ್ರಸಿದ್ಧ ವಾಚೊಂದರ ಆಕಾರವನ್ನು ಅನುಸರಿಸಿ, ಆದರೆ ತನ್ನದೇ ಹೆಸರು ಹಾಕಿಕೊಂಡು ಬರುವ ವಾಚುಗಳನ್ನು ಹೋಮೇಜ್ ಎನ್ನುತ್ತಾರೆ. ಇನ್ವಿಕ್ಟಾ ಕಂಪನಿಯ ಪ್ರೋ ಡೈವರ್ ನೋಡಲು ಸಬ್‌ಮರೀನರ್‌ನ ತಮ್ಮನಂತಿದೆ, ಅದರ ಆಟೊಮ್ಯಾಟಿಕ್ ಮಾಡೆಲ್ಲಿನಲ್ಲಿ ಸೈಕೊದ ಎನ್‌ಎಚ್35 ಮಷೀನು ಓಡುತ್ತದೆ. ಇಲ್ಲಿ ಸುಳ್ಳು ಹೆಸರಿಲ್ಲ. ಕೆಲವೊಮ್ಮೆ ಅಸಲಿ ಕಂಪನಿಯೇ ಇಂಥ ದಾರಿ ತೆರೆಯುತ್ತದೆ. 2022ರ ಮಾರ್ಚಿನಲ್ಲಿ ಒಮೆಗಾ ಮತ್ತು ಸ್ವಾಚ್ ಸೇರಿಕೊಂಡು ಸ್ಪೀಡ್‌ಮಾಸ್ಟರ್‌ನ ಅಗ್ಗದ ಕ್ವಾರ್ಟ್ಜ್ ರೂಪವನ್ನು ಮೂನ್‌ಸ್ವಾಚ್ ಎಂದು ತಂದಾಗ ಜಗತ್ತಿನ ಎಷ್ಟೋ ನಗರಗಳಲ್ಲಿ ಜನ ರಾತ್ರಿಯಿಡೀ ಸಾಲು ನಿಂತರು.

ಎಚ್‌ಎಂಟಿ ಹುಡುಕುವವರಿಗೆ

ನಮ್ಮವರು ಹೆಚ್ಚು ಮೋಸ ಹೋಗುವ ಜಾಗ ಇನ್ನೊಂದಿದೆ, ಅದು ಹಳೆಯ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಎಚ್‌ಎಂಟಿಯ ಜನತಾ, ಪೈಲಟ್, ಸೋನಾ, ಕಾಂಚನ್ ಕಟ್ಟದ ಮನೆ ನಮ್ಮ ನಾಡಿನಲ್ಲಿ ಕಡಿಮೆ. ತುಮಕೂರಿನಲ್ಲೂ ಕಾರ್ಖಾನೆಯಿತ್ತು. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಏರಿತು. ಬೇಡಿಕೆಯ ಹಿಂದೆಯೇ ನಕಲಿಯೂ ಬಂತು.

ಇದು ಬೇರೆ ಬಗೆಯ ನಕಲಿ. ಒಳಗಿನ ಮಷೀನು ಬಹಳ ಸಲ ನಿಜವಾದ ಎಚ್‌ಎಂಟಿಯದೇ ಇರುತ್ತದೆ. ಡಯಲ್ಲು ಮಾತ್ರ ಹೊಸದಾಗಿ ಅಚ್ಚು ಹಾಕಿದ್ದು, ಮುಳ್ಳು ಇನ್ಯಾವುದೋ ವಾಚಿನದು, ಕೇಸು ಮತ್ತೊಂದರದು. ಆನ್‌ಲೈನಿನಲ್ಲಿ ಇವನ್ನು ‘ಅಪರೂಪದ ಪೈಲಟ್’, ‘ಮಿಲಿಟರಿ ಮಾಡೆಲ್’ ಎಂದು ಮಾರುತ್ತಾರೆ. ಸವೆದ ಕೇಸಿನಲ್ಲಿ ಫಳಫಳ ಹೊಳೆಯುವ ಡಯಲ್ಲು ಕಂಡರೆ, ಕಾರ್ಖಾನೆ ಎಂದೂ ಮಾಡದಂಥ ಕಿತ್ತಳೆ, ನೇರಳೆ ಬಣ್ಣ ಕಂಡರೆ, ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟದೆ ನಿಂತಿದ್ದರೆ ಕೈಬಿಡಿ. ಅಸಲಿ ಡಯಲ್ಲು ಹೇಗಿರುತ್ತಿತ್ತು ಎಂದು ನೋಡಬೇಕಾದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿಬನ್ನಿ. ಹಳೆಯ ಮಾಡೆಲ್ಲುಗಳನ್ನು ಅಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ಒಂದು ಸಲ ಅವನ್ನು ನಿಧಾನಕ್ಕೆ ನೋಡಿದ ಕಣ್ಣಿಗೆ ಆನ್‌ಲೈನಿನ ಬಣ್ಣದ ಡಯಲ್ಲು ತಾನೇ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಅಜ್ಜನ ಜನತಾ ಇದ್ದರೆ ಅದರ ಡಯಲ್ಲಿಗೆ ಹೊಸ ಬಣ್ಣ ಹಾಕಿಸಲು ಹೋಗಬೇಡಿ. ಹಳದಿ ಬಿದ್ದ ಅಸಲಿ ಡಯಲ್ಲಿಗೆ ಇರುವ ಬೆಲೆ ಹೊಸ ಬಣ್ಣಕ್ಕಿಲ್ಲ. ಎಣ್ಣೆ ಹಾಕಿಸಿ, ಗಾಜು ಉಜ್ಜಿಸಿ, ದಿನವೂ ಬೆಳಿಗ್ಗೆ ಕೀ ಕೊಡಿ, ಅಷ್ಟು ಸಾಕು.

ದೊಡ್ಡ ದುಡ್ಡು ಹಾಕುವ ಮುನ್ನ

ನಿಜವಾಗಿಯೇ ದುಬಾರಿ ವಾಚು ಕೊಳ್ಳುವವರು ಹೊಸದನ್ನು ಕಂಪನಿಯ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಲಿ. ರೋಲೆಕ್ಸ್ ತನ್ನ ಹೊಸ ವಾಚನ್ನು ಆನ್‌ಲೈನಿನಲ್ಲಿ ಮಾರುವುದಿಲ್ಲ. ಹಾಗಾಗಿ ಶೇ. 70 ರಿಯಾಯಿತಿ ತೋರಿಸುವ ವೆಬ್‌ಸೈಟು ಎಷ್ಟೇ ಚೆಂದವಿದ್ದರೂ ಮೋಸವೇ. ‘ಕಸ್ಟಮ್ಸಿನವರು ಹಿಡಿದ ಮಾಲು, ಹರಾಜಿನಲ್ಲಿ ತೆಗೆದಿದ್ದು’ ಎಂಬ ವಾಟ್ಸ್ಆ್ಯಪ್ ಮೆಸೇಜನ್ನೂ ನಂಬಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ಎಚ್ಚರ ಎರಡು ಪಟ್ಟು ಬೇಕು. ಪೆಟ್ಟಿಗೆ, ಗ್ಯಾರಂಟಿ ಕಾರ್ಡು, ರೋಲೆಕ್ಸಿನ ಹಸಿರು ಸೀಲು, ಇವನ್ನೆಲ್ಲ ವಾಚಿಗಿಂತ ಸುಲಭವಾಗಿ ನಕಲು ಮಾಡುತ್ತಾರೆ. ಅಸಲಿ ಕೇಸಿನೊಳಗೆ ನಕಲಿ ಡಯಲ್ಲು, ಅಸಲಿ ಮಷೀನಿಗೆ ಹೊರಗಿನ ಬಿಡಿಭಾಗ ಕೂರಿಸಿದ ವಾಚುಗಳೂ ಓಡಾಡುತ್ತಿವೆ. ದುಡ್ಡು ಕೊಡುವ ಮುನ್ನ ಮಾರುವವರನ್ನೂ ಕರೆದುಕೊಂಡು ನಿಮಗೆ ನಂಬಿಕೆಯಿರುವ ವಾಚ್ ರಿಪೇರಿಯವರಲ್ಲಿ ಹಿಂಬದಿ ಬಿಚ್ಚಿಸಿ ನೋಡಿ. ಒಪ್ಪದವರ ಬಳಿ ಕೊಳ್ಳಬೇಡಿ. ಹಿಂದಿನ ಸರ್ವಿಸಿನ ರಸೀದಿ ಕೇಳಿ. ರೋಲೆಕ್ಸ್ ಸುಮಾರು ಹತ್ತು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಲು ಹೇಳುತ್ತದೆ, ಅದಕ್ಕೆ ಹತ್ತಾರು ಸಾವಿರ ಬೀಳುತ್ತದೆ. ಆ ಖರ್ಚು ನಿಮ್ಮ ಪಾಲಿಗೆ ಬರುವುದಿದ್ದರೆ ಬೆಲೆಯಲ್ಲಿ ಕಳೆಯಿರಿ.

‘ಇದು ಹೂಡಿಕೆ, ಬೆಲೆ ಏರುತ್ತಲೇ ಇರುತ್ತದೆ’ ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. ಕೆಲವು ಮಾಡೆಲ್ಲುಗಳ ಬೆಲೆ 2022ರ ಆರಂಭದ ತನಕ ಗಗನಕ್ಕೇರಿ ಆಮೇಲೆ ಇಳಿಯಿತು. ಬಹುಪಾಲು ದುಬಾರಿ ವಾಚುಗಳು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಕಟ್ಟಿಕೊಳ್ಳುವ ಆಸೆಗೆ ಕೊಳ್ಳಿ, ಲಾಭಕ್ಕಲ್ಲ.

ಬಿಲ್ಲಿನ ವಿಷಯದಲ್ಲಿ ಮುಲಾಜು ಬೇಡ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಚಿನ್ನದ ಜೊತೆಯಲ್ಲೇ ವಾಚನ್ನೂ ಹೆಸರಿಸುತ್ತದೆ. ಕಳ್ಳಸಾಗಣೆಯ ಮಾಲೆಂದು ನಂಬಲು ಸಕಾರಣವಿದ್ದು ಅಧಿಕಾರಿಗಳು ವಶಪಡಿಸಿಕೊಂಡರೆ, ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ವಾಚು ಇಟ್ಟುಕೊಂಡವರದು. ದುಬೈನಿಂದ ಬಂದ ನೆಂಟರ ಕೈಯಿಂದ ಬಿಲ್ಲಿಲ್ಲದೆ, ಸುಂಕ ಕಟ್ಟದೆ ಕೊಂಡ ಅಸಲಿ ವಾಚು ಈ ಕಾರಣಕ್ಕೇ ತಲೆನೋವಾಗಬಹುದು. ಎರಡು ಲಕ್ಷ ಅಥವಾ ಹೆಚ್ಚಿನ ವ್ಯವಹಾರದಲ್ಲಿ ಅಷ್ಟನ್ನೂ ನಗದಾಗಿ ಪಡೆಯುವಂತಿಲ್ಲ, ಎರಡು ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು. ಹತ್ತು ಲಕ್ಷ ದಾಟಿದ ವಾಚಿನ ಮೇಲೆ 2025ರ ಏಪ್ರಿಲ್ 22ರಿಂದ ಮಾರಾಟಗಾರರು ಶೇ. 1 ತೆರಿಗೆ ಸಂಗ್ರಹಿಸುತ್ತಾರೆ. ಅದನ್ನು ನಿಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು.

ಕಾನೂನು, ದೂರು

ಸುಳ್ಳು ಟ್ರೇಡ್‌ಮಾರ್ಕ್ ಹಾಕುವುದು, ಅಂಥ ಮಾಲನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್‌ಗಳಡಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದ ತನಕ ದಂಡ. ಕೊಂಡು ಕಟ್ಟಿಕೊಂಡವರ ಮೇಲೆ ಈ ಸೆಕ್ಷನ್‌ಗಳು ಬರುವುದಿಲ್ಲ. ಆದರೆ ಬೇಸರವಾಯಿತೆಂದು ಅದೇ ನಕಲಿಯನ್ನು ಆನ್‌ಲೈನಿನಲ್ಲಿ ಮಾರಲು ಹಾಕಿದರೆ ನೀವೇ ಮಾರಾಟಗಾರರು. ವಿದೇಶ ಪ್ರವಾಸದಲ್ಲಿ ಇನ್ನೂ ಎಚ್ಚರವಿರಲಿ. ಫ್ರಾನ್ಸ್, ಇಟಲಿಯಂಥ ದೇಶಗಳಲ್ಲಿ ನಕಲಿ ಮಾಲು ಕೊಂಡವರಿಗೂ ದಂಡ ಬೀಳುತ್ತದೆ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ವಾಚು ಪ್ರವಾಸದ ಖರ್ಚನ್ನೇ ಮೀರಿಸಬಹುದು.

ಅಸಲಿ ಎಂದು ನಂಬಿಸಿ ನಕಲಿ ಕಳಿಸಿದ್ದರೆ ಸುಮ್ಮನಿರಬೇಡಿ. ಪಾರ್ಸೆಲ್ ಒಡೆಯುವಾಗ ವಿಳಾಸದ ಚೀಟಿ ಕಾಣುವಂತೆ, ನಡುವೆ ನಿಲ್ಲಿಸದೆ ವಿಡಿಯೊ ಮಾಡಿಟ್ಟುಕೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಳಿಸಿದ ದಾಖಲೆ, ಚಾಟು ಯಾವುದನ್ನೂ ಅಳಿಸಬೇಡಿ. ಮೊದಲು ಮಾರಾಟದ ಆ್ಯಪಿನಲ್ಲೇ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹಣ ಪಡೆದು ವಾಚನ್ನೇ ಕಳಿಸದೆ ಫೋನ್ ಸ್ವಿಚ್ ಆಫ್ ಮಾಡಿಕೊಂಡಿದ್ದರೆ ಅದು ಸೈಬರ್ ವಂಚನೆ, ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.